ಸಮಾಜ ಸೇವೆಯನ್ನು ಕಲಿಸುವ ವಿಶ್ವವಿದ್ಯಾಲಯ: ಅಲ್ಲಿಂದ ನಮ್ಮೂರಿಗೆ ಬರುವ ಪಾಠ



ಬೀಜ, ಗೊಬ್ಬರ, ರೋಗ, ಕೀಟ ಇವುಗಳ ವಿಷಯವಾಗಿ ಈ ಪತ್ರಿಕೆಯಲ್ಲಿ ಅನೇಕ ಪಾಠಗಳನ್ನು ಓದಿದ್ದೀರಿ. ಈ ಸಲದ ಪಾಠ ಸ್ವಲ್ಪ ಬೇರೆ. ಬೆಳೆಯ ಕಷ್ಟವನ್ನು ಅರಿಯಲು ಕೃಷಿ ವಿಶ್ವವಿದ್ಯಾಲಯಗಳುಂಟು. ದನಕರುಗಳ ಕಷ್ಟವನ್ನು ಅರಿಯಲು ಪಶುವೈದ್ಯ ವಿದ್ಯಾಲಯಗಳುಂಟು. ಹಾಗಾದರೆ ಮನುಷ್ಯರು ಕೂಡಿ ಬಾಳುವಲ್ಲಿ ಬರುವ ಕಷ್ಟಗಳನ್ನು, ಅಂದರೆ ಸಾಲ, ಕೆಲಸವಿಲ್ಲದಿರುವುದು, ಮನೆಯೊಳಗಿನ ಹಿಂಸೆ, ಮಕ್ಕಳು ಶಾಲೆ ಬಿಡುವುದು, ನೆರೆ ಬಂದು ಊರೇ ಎದ್ದುಹೋಗುವುದು, ಇವನ್ನು ಅರಿತು ನೆರವಾಗಲು ಕಲಿಸುವ ವಿಶ್ವವಿದ್ಯಾಲಯ ಉಂಟೆ?

ಉಂಟು. ಮುಂಬಯಿಯಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅಂತಹದು. ಅದರ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಜನ ಅದನ್ನು ‘ಟಿಸ್’ ಎಂದು ಕರೆಯುತ್ತಾರೆ. ಮುಂಬಯಿಯ ಕಾಲೇಜಿನಿಂದ ನಮಗೇನು ಪ್ರಯೋಜನವೆಂದು ನೀವು ಕೇಳಬಹುದು. ಕೇಳತಕ್ಕ ಮಾತೇ. ಊರಿನ ಕಷ್ಟವನ್ನು ಕೇಳಿ ಬರೆದುಕೊಳ್ಳಲು ಬಂದವರಿಗೆ ನಾವು ಏನು ಹೇಳುತ್ತೇವೆ, ಅವರು ಹೇಗೆ ಬರೆದುಕೊಳ್ಳುತ್ತಾರೆ ಎಂಬುದರ ಮೇಲೆ ಅನೇಕ ಸಲ ಬದುಕೇ ನಿಂತಿರುತ್ತದೆ. ಸರಿಯಾಗಿ ಕೇಳುವುದು ಒಂದು ವಿದ್ಯೆ. ಆ ವಿದ್ಯೆಯನ್ನು ಕಲಿಸುವ ಶಾಲೆಯನ್ನು ತಿಳಿದುಕೊಂಡರೆ, ನಮ್ಮೂರಿನ ಕಷ್ಟವನ್ನು ನಾವೇ ಸರಿಯಾಗಿ ಕೇಳಿಕೊಳ್ಳುವುದನ್ನು ಕಲಿಯಬಹುದು. ಈ ಪಾಠದ ಉದ್ದೇಶ ಇಷ್ಟೇ.

ಸಂಸ್ಥೆ ಹುಟ್ಟಿದ ಬಗೆ

ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯಲು ಹಳ್ಳಿಗಳಿಂದ ಲಕ್ಷಾಂತರ ಜನ ಹೋಗಿ ಸೇರಿದ ಕಾಲವದು. ಒಂದೊಂದು ಕೋಣೆಯಲ್ಲಿ ಎಂಟು ಹತ್ತು ಜನ ಇರುತ್ತಿದ್ದರು. ಅಂತಹ ನೆರೆಹೊರೆಯಾದ ನಾಗಪಾಡಾದಲ್ಲಿ 1920ರ ದಶಕದಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದ ಪಾದ್ರಿಯೊಬ್ಬರು ಒಂದು ನೆರೆಹೊರೆ ಮನೆಯನ್ನು ನಡೆಸಿದರು. ಆ ಕೆಲಸ ಮಾಡುತ್ತ ಅವರಿಗೆ ಒಂದು ವಿಷಯ ಮನದಟ್ಟಾಯಿತು. ಒಳ್ಳೆಯ ಮನಸ್ಸಿನವರು ಬೇಕಾದಷ್ಟು ಜನ ಸಿಗುತ್ತಾರೆ, ಆದರೆ ಕೆಲಸ ಬಲ್ಲವರು ಸಿಗುವುದಿಲ್ಲ. ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ದತ್ತಿಯ ಮುಂದೆ ಅವರು ಈ ಮಾತನ್ನು ಇಟ್ಟರು. ದತ್ತಿ ಒಪ್ಪಿತು. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜ ಸೇವಾ ಶಾಲೆ ಪ್ರಾರಂಭವಾಯಿತು. ಸಮಾಜ ಸೇವೆಯನ್ನು ವೃತ್ತಿಯಾಗಿ ಕಲಿಸುವ ಶಾಲೆಗಳಲ್ಲಿ ನಮ್ಮ ದೇಶಕ್ಕೆ ಇದೇ ಮೊದಲನೆಯದು. ಮ್ಯಾನ್‌ಶಾರ್ಟ್ ಅವರೇ ಮೊದಲ ನಿರ್ದೇಶಕರು.

1944ರಲ್ಲಿ ಈ ಶಾಲೆಗೆ ಈಗಿನ ಹೆಸರು ಬಂತು. 1947ರಲ್ಲಿ ದೇಶ ವಿಭಜನೆಯಾಗಿ ನಿರಾಶ್ರಿತರು ಬಂದಾಗ ಸಂಸ್ಥೆಯವರು ಅವರ ನಡುವೆ ಕೆಲಸ ಮಾಡಿದರು. 1954ರಲ್ಲಿ ಸಂಸ್ಥೆ ಮುಂಬಯಿಯ ಹೊರವಲಯವಾಗಿದ್ದ ದೇವನಾರಕ್ಕೆ ಹೋಯಿತು. ಆ ದಶಕದಲ್ಲಿ ಅದರ ನಿರ್ದೇಶಕರಾಗಿದ್ದವರು ಎ. ಆರ್. ವಾಡಿಯಾ. ಇವರು ಅದಕ್ಕೆ ಮೊದಲು ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ತತ್ತ್ವಶಾಸ್ತ್ರ ಕಲಿಸಿದ್ದವರು. 1964ರಲ್ಲಿ ಕೇಂದ್ರ ಸರಕಾರವು ಸಂಸ್ಥೆಗೆ ವಿಶ್ವವಿದ್ಯಾಲಯದ ಸ್ಥಾನ ಕೊಟ್ಟಿತು. ಹೀಗೆ ದತ್ತಿಯ ಹಣದಿಂದ ಹುಟ್ಟಿದ ಶಾಲೆ ಸಾರ್ವಜನಿಕ ಸಂಸ್ಥೆಯಾಯಿತು. ಇಂದು ಅದರ ಖರ್ಚಿನ ಹೆಚ್ಚಿನ ಪಾಲು ಕೇಂದ್ರ ಸರಕಾರದ ಹಣದಿಂದ ನಡೆಯುತ್ತದೆ. ಆ ಹಣದಲ್ಲಿ ನಿಮ್ಮದೂ ಒಂದು ಪಾಲು ಉಂಟೆಂಬುದನ್ನು ಮರೆಯಬೇಡಿ.

ಮುಂಬಯಿಯಲ್ಲದೆ ಗುವಾಹಟಿ, ಹೈದರಾಬಾದ್ ಮತ್ತು ತುಳಜಾಪುರಗಳಲ್ಲಿಯೂ ಈ ಸಂಸ್ಥೆಯ ಶಿಕ್ಷಣ ಕೇಂದ್ರಗಳುಂಟು. ತುಳಜಾಪುರವೆಂದರೆ ವಿಜಯಪುರ, ಕಲಬುರಗಿ ಕಡೆಯ ಭಕ್ತರು ಅಂಬಾಭವಾನಿಯ ದರ್ಶನಕ್ಕೆ ಹೋಗುವ ಊರೇ. ಮಳೆ ಕಡಿಮೆ, ಬರ ಹೆಚ್ಚು. ಅಲ್ಲಿನ ಹೊಲಗಳು ನಮ್ಮ ಬಯಲುಸೀಮೆಯ ಹೊಲಗಳಂತೆಯೇ. ಗ್ರಾಮಾಭಿವೃದ್ಧಿಯನ್ನು ಕಲಿಯುವವರು ಹಳ್ಳಿಗಳ ನಡುವೆಯೇ ಇದ್ದು ಕಲಿಯಲೆಂದು ಅಲ್ಲಿ ಕೇಂದ್ರವನ್ನು ಮಾಡಿದ್ದಾರೆ.

ದಾನ ಬೇರೆ, ಸೇವೆಯ ವಿದ್ಯೆ ಬೇರೆ

ಹಸಿದವನಿಗೆ ಅನ್ನ ಹಾಕುವುದು ಪುಣ್ಯದ ಕೆಲಸ. ಅದಕ್ಕೆ ಕಾಲೇಜು ಬೇಡ. ನಮ್ಮ ಮಠಗಳಲ್ಲಿ ದಾಸೋಹ ನೂರಾರು ವರ್ಷಗಳಿಂದ ನಡೆದಿದೆ. ಹಾಗಾದರೆ ಎರಡು ವರ್ಷ ಕೂತು ಕಲಿಯುವಂತಹದು ಏನಿದೆ?

ಇದನ್ನು ತೊಗರಿ ಹೊಲದ ಉದಾಹರಣೆಯಿಂದ ತಿಳಿಯೋಣ. ಹೂವು ಬರುವ ಕಾಲಕ್ಕೆ ಗಿಡ ಬಾಡುತ್ತದೆ. ನೋಡಿದವರು ನೀರು ಸಾಲದು ಎನ್ನುತ್ತಾರೆ. ನೀರು ಕಟ್ಟುತ್ತೀರಿ. ಗಿಡ ಆದರೂ ಒಣಗುತ್ತದೆ. ತಿಳಿದವನು ಬಂದು ಗಿಡವನ್ನು ಬುಡಸಹಿತ ಕಿತ್ತು ಕಾಂಡವನ್ನು ಉದ್ದಕ್ಕೆ ಸೀಳಿ ನೋಡುತ್ತಾನೆ. ಒಳಗೆ ಕಂದುಗಪ್ಪು ಗೆರೆ ಕಂಡರೆ ಅದು ನೆಟೆ ರೋಗ. ರೋಗ ಮಣ್ಣಿನಲ್ಲಿದೆ. ಅದಕ್ಕೆ ನೀರು ಔಷಧವಲ್ಲ. ಬೆಳೆ ಬದಲಿಸಬೇಕು, ರೋಗ ತಡೆಯುವ ತಳಿಯನ್ನು ಹಾಕಬೇಕು, ಬೀಜಕ್ಕೆ ಉಪಚಾರ ಮಾಡಬೇಕು. ಗೆರೆ ಇಲ್ಲದಿದ್ದರೆ ಆಗ ನೀರಿನ ವಿಚಾರ. ಹೊರಗಿನಿಂದ ನೋಡಿದರೆ ಎರಡೂ ಗಿಡಗಳು ಒಂದೇ ತರಹ ಬಾಡಿರುತ್ತವೆ.

ಮನುಷ್ಯರ ಕಷ್ಟವೂ ಹೀಗೆಯೇ. ಮೂವರು ಹುಡುಗಿಯರು ಏಳನೆಯ ತರಗತಿಗೆ ಶಾಲೆ ಬಿಟ್ಟರೆಂದು ಇಟ್ಟುಕೊಳ್ಳಿ. ಹೊರಗಿನ ಲಕ್ಷಣ ಒಂದೇ. ಒಬ್ಬಳ ಮನೆಯಲ್ಲಿ ತಾಯಿಗೆ ಕಾಯಿಲೆ, ತಮ್ಮನನ್ನು ನೋಡಿಕೊಳ್ಳುವವರಿಲ್ಲ. ಇನ್ನೊಬ್ಬಳಿಗೆ ಮುಂದಿನ ಊರಿನ ಶಾಲೆಗೆ ಹೋಗುವ ದಾರಿಯಲ್ಲಿ ಭಯ. ಮೂರನೆಯವಳ ಮದುವೆಯ ಮಾತು ಗುಟ್ಟಾಗಿ ನಡೆದಿದೆ. ಮೂವರಿಗೂ ಪಾಟಿಚೀಲ ಹಂಚಿದರೆ ಚೀಲ ಮಾತ್ರ ಮನೆ ಸೇರುತ್ತದೆ. ಸೀಳಿ ನೋಡಬೇಕು. ಆದರೆ ಗಿಡವನ್ನು ಸೀಳಿದಂತೆ ಮನುಷ್ಯನನ್ನು ಸೀಳಲಾಗದು. ಅವನು ತಾನಾಗಿ ಬಾಯಿ ಬಿಟ್ಟು ಹೇಳುವಂತೆ ಕೇಳಬೇಕು. ಹೇಳಿದ್ದನ್ನು ಗುಟ್ಟಾಗಿಡಬೇಕು. ಅವನ ಪರವಾಗಿ ನಾವೇ ತೀರ್ಮಾನ ಮಾಡದೆ, ಅವನು ತೀರ್ಮಾನ ಮಾಡುವಷ್ಟು ಬಲವನ್ನು ಅವನಿಗೆ ತಂದುಕೊಡಬೇಕು. ಕಲಿಯತಕ್ಕ ವಿದ್ಯೆ ಇದೇ.

ಅಲ್ಲಿ ಕಲಿಸುವ ಕ್ರಮ

ಸಮಾಜ ಸೇವೆಯ ಶಿಕ್ಷಣದಲ್ಲಿ ಮೊದಲಿನಿಂದ ಮೂರು ದಾರಿಗಳನ್ನು ಹೇಳುತ್ತ ಬಂದಿದ್ದಾರೆ. ಒಬ್ಬ ವ್ಯಕ್ತಿ ಅಥವಾ ಒಂದು ಮನೆಯ ಜೊತೆ ಕೆಲಸ ಮಾಡುವುದು ಒಂದು. ಗುಂಪಿನ ಜೊತೆ, ಅಂದರೆ ಯುವಕ ಸಂಘ, ಮಹಿಳಾ ಸಂಘಗಳಂತಹವುಗಳ ಜೊತೆ ಕೆಲಸ ಮಾಡುವುದು ಎರಡು. ಇಡೀ ಊರನ್ನು ಕೂಡಿಸಿ ಕೆಲಸ ಮಾಡುವುದು ಮೂರು. ಯಾವ ಕಷ್ಟಕ್ಕೆ ಯಾವ ದಾರಿ ಎಂಬುದನ್ನು ಅರಿಯಬೇಕು. ಗಂಡ ಹೊಡೆಯುತ್ತಾನೆಂಬ ಹೆಣ್ಣುಮಗಳ ಮಾತನ್ನು ಗ್ರಾಮಸಭೆಯಲ್ಲಿ ಕೇಳತಕ್ಕದ್ದಲ್ಲ. ಅಂತೆಯೇ, ಊರಿಗೆಲ್ಲ ಸೇರಿದ ಕೆರೆಯ ಒತ್ತುವರಿಯನ್ನು ಒಬ್ಬನ ಕಿವಿಯಲ್ಲಿ ಹೇಳಿ ಬಗೆಹರಿಸಲಾಗದು.

ಇವುಗಳ ಜೊತೆಗೆ ಅರ್ಥಶಾಸ್ತ್ರ, ಕಾನೂನು, ಸಾರ್ವಜನಿಕ ಆರೋಗ್ಯ, ಜನಸಂಖ್ಯೆ, ಜಾತಿ ಮತ್ತು ಸಮಾಜ, ಅಂಕಿಅಂಶಗಳ ವಿಷಯವನ್ನೂ ಕಲಿಯಬೇಕಾಗುತ್ತದೆ. ಆದರೆ ಪುಸ್ತಕವಷ್ಟೇ ಸಾಲದು. ವಿದ್ಯಾರ್ಥಿಗಳು ಓದಿನ ನಡುವೆಯೇ ಆಸ್ಪತ್ರೆ, ನ್ಯಾಯಾಲಯ, ಕೊಳೆಗೇರಿ, ಹಳ್ಳಿ ಮುಂತಾದ ಕಡೆ ಹೋಗಿ ಕೆಲಸ ಮಾಡಲೇಬೇಕು. ಇದನ್ನು ಕ್ಷೇತ್ರಕಾರ್ಯ ಎನ್ನುತ್ತಾರೆ. ಹೋದ ದಿನ ಕಂಡದ್ದು, ಕೇಳಿದ್ದು, ಮಾಡಿದ್ದು ಎಲ್ಲವನ್ನೂ ಬರೆದು ಅಧ್ಯಾಪಕರ ಮುಂದಿಡಬೇಕು. ಅಧ್ಯಾಪಕರು ಆ ಬರಹವನ್ನು ಮುಂದಿಟ್ಟುಕೊಂಡು ಪ್ರಶ್ನೆ ಮಾಡುತ್ತಾರೆ: ಇದು ಆ ಮನುಷ್ಯ ಹೇಳಿದ ಮಾತೋ, ನೀನು ಊಹಿಸಿದ ಮಾತೋ? ಕೃಷಿ ಡಿಪ್ಲೊಮಾದಲ್ಲಿ ನಾವು ಪ್ಲಾಟಿನ ಬೆಳೆಯನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದ ಕ್ರಮವೂ ಇಂತಹದೇ. ಕಂಡದ್ದನ್ನು ಒಂದು ಕಡೆ, ಅಂದುಕೊಂಡದ್ದನ್ನು ಇನ್ನೊಂದು ಕಡೆ ಬರೆಯುವ ಅಭ್ಯಾಸ ಎರಡು ವಿದ್ಯೆಗಳಿಗೂ ತಳಪಾಯ.

ಈ ಕ್ಷೇತ್ರಕಾರ್ಯದಿಂದ ದೊಡ್ಡ ಕೆಲಸಗಳೂ ಹುಟ್ಟಿವೆ. 1984ರಲ್ಲಿ ಸಂಸ್ಥೆಯವರು ಮುಂಬಯಿ ಪೊಲೀಸರ ಜೊತೆ ಸೇರಿ ಹಿಂಸೆಗೊಳಗಾದ ಹೆಂಗಸರಿಗಾಗಿ ಪೊಲೀಸು ಕಚೇರಿಯ ಒಳಗೇ ಒಂದು ವಿಶೇಷ ವಿಭಾಗ ತೆರೆದರು. ತರಬೇತಾದ ಸಮಾಜ ಕಾರ್ಯಕರ್ತೆಯರು ಅಲ್ಲಿ ಕೂತು ದೂರು ಕೇಳಿದರು. ಮುಂದೆ ಮಹಾರಾಷ್ಟ್ರ ಸರಕಾರವೇ ಅದನ್ನು ಜಿಲ್ಲೆಗಳಿಗೆ ಒಯ್ದಿತು. ಕಷ್ಟದಲ್ಲಿರುವ ಮಕ್ಕಳಿಗಾಗಿ ಇರುವ 1098 ಎಂಬ ಉಚಿತ ದೂರವಾಣಿಯನ್ನು ನೀವು ಕೇಳಿರಬಹುದು. ಅದು 1996ರಲ್ಲಿ ಈ ಸಂಸ್ಥೆಯ ಕ್ಷೇತ್ರಕಾರ್ಯವಾಗಿ ಮುಂಬಯಿಯಲ್ಲಿ ಮೊದಲಾಯಿತು. ಆಮೇಲೆ ದೇಶಕ್ಕೆಲ್ಲ ಹಬ್ಬಿತು. 2023ರಿಂದ ಅದನ್ನು ಸರಕಾರವೇ ನೇರವಾಗಿ ನಡೆಸುತ್ತಿದೆ. ಸಂಖ್ಯೆ ಮಾತ್ರ ಅದೇ. ಮನೆಯ ಗೋಡೆಯ ಮೇಲೆ ಬರೆದಿಡಿ.

ಕೇಳಿ ಬರೆದ ಮಾತು ಮಾಡುವ ಕೆಲಸ

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಕಂಪವಾಯಿತು. ಬೀದರ, ಕಲಬುರಗಿ ಕಡೆಯೂ ನೆಲ ನಡುಗಿದ್ದನ್ನು ಹಿರಿಯರು ಬಲ್ಲರು. ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಸತ್ತರು. ಅಂತಹ ಹೊತ್ತಿನಲ್ಲಿ ಮೊದಲು ಬೇಕಾದದ್ದು ಅನ್ನ, ಬಟ್ಟೆ, ಔಷಧ. ಅದರ ಹಿಂದೆಯೇ ಬೇಕಾದದ್ದು ಲೆಕ್ಕ. ಯಾವ ಮನೆಯಲ್ಲಿ ಯಾರು ಉಳಿದರು? ಯಾವ ಮಗುವಿಗೆ ತಂದೆತಾಯಿ ಇಬ್ಬರೂ ಇಲ್ಲ? ಯಾವ ವಿಧವೆಯ ಹೊಲಕ್ಕೆ ಯಾರು ಕಣ್ಣು ಹಾಕಿದ್ದಾರೆ? ಬಾಡಿಗೆಗಿದ್ದವನಿಗೆ, ಹೊಲವಿಲ್ಲದವನಿಗೆ ಹೊಸ ಊರಿನಲ್ಲಿ ಮನೆ ಉಂಟೋ ಇಲ್ಲವೋ? ಟಾಟಾ ಸಂಸ್ಥೆಯವರು ಆ ಊರುಗಳಲ್ಲಿ ಸಮೀಕ್ಷೆ ನಡೆಸಿದರು, ಪುನರ್ವಸತಿಯ ಕೆಲಸದಲ್ಲಿ ಭಾಗಿಗಳಾದರು. ಲೆಕ್ಕದಲ್ಲಿ ಬಾರದ ಮನೆಗೆ ಪರಿಹಾರವೂ ಬಾರದು. ಆದುದರಿಂದ ಇಂತಹ ಸಮೀಕ್ಷೆಯಲ್ಲಿ ಕಟ್ಟಕಡೆಯ ಮನೆಯನ್ನು ಬಿಟ್ಟರೆ ಅದು ಸಣ್ಣ ತಪ್ಪಾಗುವುದಿಲ್ಲ.

ಇನ್ನೊಂದು ಸಂಗತಿ ಬಿಹಾರದ್ದು. ಅಲ್ಲಿನ ಸರಕಾರವು ತನ್ನ ಹಣದಿಂದ ನಡೆಯುವ ಆಶ್ರಯಧಾಮಗಳನ್ನು ಪರಿಶೀಲಿಸಲು ಟಾಟಾ ಸಂಸ್ಥೆಯ ‘ಕೋಶಿಶ್’ ಎಂಬ ತಂಡಕ್ಕೆ ಹೇಳಿತು. ತಂಡದವರು 110 ಧಾಮಗಳಿಗೆ ಹೋದರು. ಲೆಕ್ಕಪುಸ್ತಕ, ಹಾಸಿಗೆ, ಅಡುಗೆಮನೆಗಳನ್ನು ನೋಡಿದ್ದಷ್ಟೇ ಅಲ್ಲ, ಒಳಗಿದ್ದವರ ಮಾತನ್ನೂ ಕೇಳಿದರು. 2018ರಲ್ಲಿ ವರದಿ ಕೊಟ್ಟರು. ಮುಜಫ್ಫರಪುರದ ಬಾಲಕಿಯರ ಧಾಮದಲ್ಲಿ ನಡೆಯುತ್ತಿದ್ದ ಅತ್ಯಾಚಾರಗಳು ಹೊರಬಿದ್ದದ್ದು ಆ ವರದಿಯಿಂದ. ವಿಚಾರಣೆ ನಡೆದು 2020ರಲ್ಲಿ ದೆಹಲಿಯ ನ್ಯಾಯಾಲಯವು ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು. ಧಾಮದಲ್ಲಿ ಕಾಗದಪತ್ರಗಳಿದ್ದವು, ಮಕ್ಕಳೂ ಇದ್ದರು. ಕೂತು ಕೇಳುವವರು ಬರುವವರೆಗೆ ಮಕ್ಕಳ ಮಾತು ಗೋಡೆಯ ಆಚೆ ಬರಲಿಲ್ಲ.

ರೈತರ ಸಾವಿನ ವಿಚಾರಣೆ

ಈಗ ನಮಗೆ ಹತ್ತಿರವಾದ ವಿಷಯಕ್ಕೆ ಬರೋಣ. ಮಹಾರಾಷ್ಟ್ರದಲ್ಲಿ ರೈತರು ಸಾಲದಿಂದ ಬೇಸತ್ತು ಪ್ರಾಣ ಕಳೆದುಕೊಳ್ಳುತ್ತಿದ್ದ ವಿಷಯ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂತು. ಕಾರಣವೇನೆಂದು ವಿಚಾರಿಸುವ ಕೆಲಸ ಟಾಟಾ ಸಂಸ್ಥೆಯ ಪಾಲಿಗೆ ಬಂತು. ಸಂಸ್ಥೆಯವರು ಹಳ್ಳಿಗಳಿಗೆ ಹೋಗಿ ವಿಚಾರಿಸಿ 2005ರ ಮಾರ್ಚ್ ತಿಂಗಳಲ್ಲಿ ವರದಿ ಸಲ್ಲಿಸಿದರು.

ಅಂತಹ ಸಾವುಗಳ ಮೇಲೆ ಊರಿನಲ್ಲಿ ಆಡುವ ಮಾತು ನಿಮಗೆ ಗೊತ್ತು. ಕುಡಿತ ಅನ್ನುವವರುಂಟು, ಮನೆಯ ಜಗಳ ಅನ್ನುವವರುಂಟು, ಹೇಡಿತನ ಅನ್ನುವವರೂ ಉಂಟು. ವರದಿ ಕಂಡದ್ದು ಬೇರೆ. ಬೆಳೆ ಮೇಲಿಂದ ಮೇಲೆ ಕೈಕೊಟ್ಟದ್ದು, ಬೇಸಾಯದ ಖರ್ಚು ಏರುತ್ತ ಹೋದದ್ದು, ಸಾಲ ತಲೆಯ ಮೇಲೆ ಬಂದದ್ದು, ಈ ಮೂರು ಒಂದಕ್ಕೊಂದು ಹೆಣೆದುಕೊಂಡು ರೈತನನ್ನು ಆ ಸ್ಥಿತಿಗೆ ತಂದವು ಎಂದಿತು. ಅಲ್ಲಿಗೇ ನಿಲ್ಲದೆ ಇನ್ನೊಂದು ಮಾತನ್ನೂ ಹೇಳಿತು. ಈ ಕಷ್ಟಗಳಿರುವ ರೈತರೆಲ್ಲ ಪ್ರಾಣ ಕಳೆದುಕೊಳ್ಳುವುದಿಲ್ಲ. ಆಸರೆಯ ದಾರಿಗಳೆಲ್ಲ ಮುಚ್ಚಿಹೋದವೆಂದು ಯಾರಿಗೆ ಅನ್ನಿಸಿತೋ ಅಂಥವರು ಆ ಅಂಚಿಗೆ ಹೋದರು.

ಈ ಮಾತನ್ನು ಎರಡು ಸಲ ಓದಿ. ಮಳೆ ನಮ್ಮ ಕೈಯಲ್ಲಿಲ್ಲ. ಬೆಲೆ ನಮ್ಮೊಬ್ಬರ ಕೈಯಲ್ಲಿಲ್ಲ. ಆದರೆ ನಮ್ಮ ಪಕ್ಕದ ಹೊಲದವನಿಗೆ ದಾರಿಗಳೆಲ್ಲ ಮುಚ್ಚಿದವೆಂದು ಅನ್ನಿಸುತ್ತಿದೆಯೋ ಎಂದು ಕೇಳುವುದು ನಮ್ಮ ಕೈಯಲ್ಲಿದೆ. ಒಂದು ವರದಿಯಿಂದ ಸಾವುಗಳು ನಿಲ್ಲಲಿಲ್ಲ, ನಿಜ. ಆದರೆ ಎಲ್ಲಿ ಕೈ ಹಿಡಿಯಬೇಕೆಂಬುದನ್ನು ಅದು ತೋರಿಸಿತು.

ಯಾರಾದರೂ ಮಾತು ಬಿಟ್ಟು ಮೂಲೆ ಸೇರಿದ್ದರೆ, ‘ಇನ್ನು ನನ್ನದು ಮುಗಿಯಿತು’ ಎಂದು ಆಡುತ್ತಿದ್ದರೆ, ಅವರನ್ನು ಒಂಟಿಯಾಗಿ ಬಿಡಬೇಡಿ. ಜೊತೆಗೆ ಕೂತು ಅವರ ಮಾತನ್ನು ಕೇಳಿ. ಬುದ್ಧಿ ಹೇಳಲು ಅವಸರ ಮಾಡಬೇಡಿ. ಕ್ರಿಮಿನಾಶಕದ ಡಬ್ಬಿಗಳನ್ನು ಬೀಗದೊಳಗೆ ಇಡಿ. 14416 ಎಂಬುದು ಮನಸ್ಸಿನ ಕಷ್ಟಕ್ಕೆ ಸರಕಾರ 2022ರಲ್ಲಿ ತೆರೆದ ಉಚಿತ ದೂರವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು.

ನಮ್ಮೂರಿನಲ್ಲಿ ನಾವೇ ಮಾಡಬಹುದಾದ ಪಾಠ

ಮುಂಬಯಿಯವರು ಬರುವವರೆಗೆ ಕಾಯಬೇಕಾಗಿಲ್ಲ. ಅವರ ಕ್ರಮವನ್ನು ಸಣ್ಣದಾಗಿ ನಾವೂ ಹಿಡಿಯಬಹುದು. ಯುವಕ ಸಂಘದವರು ಇಬ್ಬರು, ಮಹಿಳಾ ಸಂಘದವರು ಇಬ್ಬರು, ಒಂದು ನೋಟುಪುಸ್ತಕ, ಎಂಟು ಸಂಜೆ ಸಾಕು.

1. ಒಂದೇ ಪ್ರಶ್ನೆಯನ್ನು ಆರಿಸಿಕೊಳ್ಳಿ. ‘ಊರಿನ ಕಷ್ಟವೇನು’ ಎಂದು ಕೇಳಿದರೆ ಏನೂ ತಿಳಿಯದು. ‘ಈ ಸಲದ ಬಿತ್ತನೆಗೆ ಹಣ ಎಲ್ಲಿಂದ ಬಂತು’ ಎಂದು ಕೇಳಿದರೆ ತಿಳಿಯುತ್ತದೆ.

2. ಎಲ್ಲ ಮನೆಗಳಿಗೂ ಹೋಗಿ. ಊರ ಮುಂದಿನ ಓಣಿಯಿಂದ ಹಿಡಿದು ಕೇರಿಯ ಕೊನೆಯ ಗುಡಿಸಲಿನವರೆಗೆ ಒಂದನ್ನೂ ಬಿಡಬೇಡಿ.

3. ಹೆಂಗಸರನ್ನು ಹೆಂಗಸರೇ ಪ್ರತ್ಯೇಕವಾಗಿ ಕೇಳಲಿ. ಗಂಡಸರು ಮರೆಮಾಡಿದ ಸಾಲ ಹೆಂಗಸರ ಮಾತಿನಲ್ಲಿ ಸಿಗುವುದುಂಟು.

4. ಹೆಸರು ಬರೆಯಬೇಡಿ. ಮನೆಗೆ ಒಂದು ಅಂಕೆ ಕೊಡಿ. ಯಾವ ಅಂಕೆ ಯಾವ ಮನೆಯದೆಂಬ ಪಟ್ಟಿ ಒಬ್ಬರ ಹತ್ತಿರ ಮಾತ್ರ ಇರಲಿ.

5. ಹೇಳಿದವರ ಮಾತನ್ನು ಹೇಳಿದಂತೆ ಬರೆಯಿರಿ. ನಿಮ್ಮ ಅಭಿಪ್ರಾಯವಿದ್ದರೆ ಅದನ್ನು ಬೇರೆ ಪುಟದಲ್ಲಿ ಬರೆಯಿರಿ.

6. ಕೂಡಿಸಿದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ತಪ್ಪಿದ್ದರೆ ಜನರೇ ತಿದ್ದುತ್ತಾರೆ.

ಇದರಿಂದ ಏನು ತಿಳಿಯುತ್ತದೆಂಬುದನ್ನು ಒಂದು ಕಲ್ಪಿತ ಊರಿನ ಲೆಕ್ಕದಿಂದ ನೋಡೋಣ. ಊರಿನಲ್ಲಿ 100 ಮನೆ. ಮುಂದಿನ ಓಣಿಗಳಲ್ಲಿ 40, ಹಿಂದಿನ ಓಣಿ ಮತ್ತು ಕೇರಿಗಳಲ್ಲಿ 60. ಮುಂದಿನ 40 ಮನೆಗಳಲ್ಲಿ 30 ಮನೆಯವರು ಸೊಸೈಟಿಯ ಬೆಳೆಸಾಲ ಪಡೆದಿದ್ದಾರೆ, 6 ಮನೆಯವರು ಅಂಗಡಿಯಲ್ಲಿ ಉದ್ರಿ ತಂದಿದ್ದಾರೆ, 4 ಮನೆಗೆ ಸಾಲವಿಲ್ಲ. ಇಷ್ಟನ್ನೇ ನೋಡಿದ ಅಧಿಕಾರಿ ‘ಈ ಊರಿಗೆ ಸೊಸೈಟಿ ಚೆನ್ನಾಗಿ ಮುಟ್ಟಿದೆ’ ಎಂದು ಬರೆದುಕೊಂಡು ಹೋಗುತ್ತಾನೆ. ಹಿಂದಿನ 60 ಮನೆಗಳನ್ನು ಕೇಳಿದರೆ ಸೊಸೈಟಿ ಸಾಲ 12, ಉದ್ರಿ 37, ಸಾಲವಿಲ್ಲದ್ದು 11. ಇಡೀ ಊರಿಗೆ ಸೊಸೈಟಿ ಮುಟ್ಟಿದ್ದು 42 ಮನೆಗೆ, ಉದ್ರಿ ಹಿಡಿದದ್ದು 43 ಮನೆಯನ್ನು. ಊರು ಒಂದೇ, ಚಿತ್ರ ಎರಡು.

ಉದ್ರಿಯ ಬೆಲೆಯನ್ನೂ ನೋಡಿ. 20,000 ರೂಪಾಯಿಯ ಬೀಜ ಗೊಬ್ಬರಕ್ಕೆ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಾದರೆ 8 ತಿಂಗಳಿಗೆ 4,800 ರೂಪಾಯಿ. ಉದ್ರಿ ಕೊಟ್ಟವನಿಗೇ ಮಾಲು ಹಾಕಬೇಕೆಂಬ ಮಾತಿದ್ದು, ಪೇಟೆಯ ಧಾರಣೆಗಿಂತ ಕ್ವಿಂಟಲಿಗೆ 300 ರೂಪಾಯಿ ಕಡಿಮೆ ಸಿಕ್ಕಿದರೆ 5 ಕ್ವಿಂಟಲಿಗೆ ಇನ್ನೂ 1,500 ಹೋಯಿತು. ಒಟ್ಟು 6,300. ನಮ್ಮ ರಾಜ್ಯದ ಸಹಕಾರ ಸಂಘಗಳಲ್ಲಿ ವಾಯಿದೆಗೆ ಸರಿಯಾಗಿ ತೀರಿಸುವವರಿಗೆ ಅಲ್ಪಾವಧಿ ಬೆಳೆಸಾಲ ಬಡ್ಡಿಯಿಲ್ಲದೆ ಸಿಗುತ್ತದೆ. ಹಾಗಿದ್ದರೂ ಈ 37 ಮನೆಯವರು ಅಲ್ಲಿಗೇಕೆ ಹೋಗಲಿಲ್ಲ?

ಇಲ್ಲಿ ಕಾಂಡವನ್ನು ಸೀಳಿ ನೋಡಬೇಕು. ಎರಡನೆಯ ಪ್ರಶ್ನೆ ಕೇಳುತ್ತೀರಿ. 21 ಮನೆಯವರು ಲಾವಣಿಗೆ ಹೊಲ ಮಾಡಿದವರು, ಪಹಣಿ ಅವರ ಹೆಸರಿನಲ್ಲಿಲ್ಲ. 9 ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದೆ. 7 ಮನೆಗಳದ್ದು ಹಳೆಯ ಸಾಲದ ಬಾಕಿ. ಲಕ್ಷಣ ಒಂದೇ, ರೋಗ ಮೂರು. ಮೊದಲಿನವರು ಕೂಡಿ ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡು ಬ್ಯಾಂಕನ್ನು ಕೇಳಬಹುದು. ಎರಡನೆಯವರು ಮರಣಪತ್ರ, ವಂಶವೃಕ್ಷ ತೆಗೆದುಕೊಂಡು ನಾಡಕಚೇರಿಗೆ ಹೋಗಿ ಪೌತಿ ಖಾತೆ ಮಾಡಿಸಬೇಕು. ಮೂರನೆಯವರ ಪರವಾಗಿ ಸೊಸೈಟಿಯ ಆಡಳಿತ ಮಂಡಳಿಯೊಡನೆ ಕೂತು ಕಂತಿನ ಮಾತಾಡಬೇಕು. ‘ಸಾಲ ಕೊಡಿ’ ಎಂದು ಒಂದು ಅರ್ಜಿ ಬರೆಯುವುದಕ್ಕೂ, ‘21 ಮನೆಗೆ ಈ ಕಾರಣ, 9 ಮನೆಗೆ ಈ ಕಾರಣ, 7 ಮನೆಗೆ ಈ ಕಾರಣ’ ಎಂದು ಬರೆದು ಮುಂದಿಡುವುದಕ್ಕೂ ಇರುವ ವ್ಯತ್ಯಾಸವನ್ನು ನೀವೇ ತೂಗಿ ನೋಡಿ.

ಕೇಳಲು ಬಂದವರನ್ನು ನೀವು ಕೇಳಬೇಕಾದದ್ದು

ಸಮೀಕ್ಷೆಗೆಂದು ಬರುವವರೆಲ್ಲ ಒಂದೇ ತರಹ ಇರುವುದಿಲ್ಲ. ಅವರು ನಿಮ್ಮನ್ನು ಕೇಳುವ ಮೊದಲು ನೀವು ಅವರನ್ನು ನಾಲ್ಕು ಪ್ರಶ್ನೆ ಕೇಳಿ. ಯಾರು ಕಳಿಸಿದ್ದಾರೆ, ಗುರುತಿನ ಚೀಟಿ ಎಲ್ಲಿ? ಯಾವ ಕೆಲಸಕ್ಕಾಗಿ ಕೇಳುತ್ತಿದ್ದೀರಿ? ನನ್ನ ಹೆಸರು ಗುಟ್ಟಾಗಿರುತ್ತದೆಯೇ? ಕೊನೆಗೆ ತಿಳಿದುಬಂದದ್ದನ್ನು ನಮ್ಮೂರಿಗೆ ಬಂದು ಹೇಳುತ್ತೀರೋ? ಒಳ್ಳೆಯ ಶಾಲೆಯಲ್ಲಿ ಕಲಿತವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಅಧ್ಯಯನಕ್ಕೆಂದು ಬಂದವರಿಗೆ ಉತ್ತರ ಕೊಡಲು ಇಷ್ಟವಿಲ್ಲದಿದ್ದರೆ ಇಲ್ಲವೆನ್ನುವ ಹಕ್ಕು ನಿಮಗುಂಟು. ಮೊಬೈಲಿಗೆ ಬಂದ ಒಟಿಪಿ, ಬ್ಯಾಂಕಿನ ಗುಟ್ಟಿನ ಸಂಖ್ಯೆ ಕೇಳಿದರೆ ಅವರು ಸಮೀಕ್ಷೆಯವರಲ್ಲ, ಮೋಸಗಾರರು.

ನಂಬಿಕೆ ಬಂದಮೇಲೆ ಮಾತ್ರ ನಿಜವನ್ನೇ ಹೇಳಿ. ಮರ್ಯಾದೆಗೆ ಅಂಜಿ ಸಾಲವನ್ನು ಕಡಿಮೆ ಹೇಳುವುದು, ಏನೋ ಸಿಗಬಹುದೆಂದು ಹೊಲವನ್ನು ಕಡಿಮೆ ಹೇಳುವುದು, ಎರಡೂ ಊರಿನ ಲೆಕ್ಕವನ್ನು ಕೆಡಿಸುತ್ತವೆ. ಜೊಳ್ಳು ಬೀಜ ಬಿತ್ತಿ ಗಟ್ಟಿ ಕಾಳು ಬಯಸಿದಂತಾಗುತ್ತದೆ.

ಮಕ್ಕಳನ್ನು ಓದಿಸುವವರಿಗೆ

ನಿಮ್ಮ ಮಗಳೋ ಮಗನೋ ಪದವಿ ಮುಗಿಸಿದ್ದು, ಜನರ ನಡುವೆ ಕೆಲಸ ಮಾಡುವ ಮನಸ್ಸಿದ್ದರೆ ಈ ವಿದ್ಯೆಯನ್ನು ಯೋಚಿಸಬಹುದು. ಟಾಟಾ ಸಂಸ್ಥೆಯಲ್ಲಿ ಸಮಾಜ ಸೇವೆಯ ಎಂ.ಎ. ಎರಡು ವರ್ಷದ್ದು. ಪ್ರವೇಶಕ್ಕೆ ಪರೀಕ್ಷೆ ಉಂಟು, ಅದರ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಬೇಕು. ಶುಲ್ಕದ ವಿಷಯವನ್ನು ಮುಂಚಿತವಾಗಿಯೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಿದ್ದ ಶುಲ್ಕದ ನೆರವಿನ ವಿಷಯವಾಗಿಯೇ 2018ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ತರಗತಿ ಬಿಟ್ಟು ಹರತಾಳ ಮಾಡಿದ್ದರು. ಬಡವರ ಕಷ್ಟವನ್ನು ಕಲಿಸುವ ಶಾಲೆಯ ಬಾಗಿಲು ಬಡವರ ಮಕ್ಕಳಿಗೆ ತೆರೆದಿರಬೇಕೆಂಬುದು ಅವರ ವಾದ. ಅದು ನಮ್ಮೆಲ್ಲರ ವಾದವೂ ಆಗತಕ್ಕದ್ದು.

ಅಷ್ಟು ದೂರ ಬೇಡವೆನ್ನುವವರಿಗೆ ನಮ್ಮ ರಾಜ್ಯದಲ್ಲಿಯೇ ಅನೇಕ ವಿಶ್ವವಿದ್ಯಾಲಯಗಳಲ್ಲಿ ಸಮಾಜ ಕಾರ್ಯದ ಸ್ನಾತಕೋತ್ತರ ಶಿಕ್ಷಣ ಉಂಟು. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಷಯಕ್ಕೆಂದೇ 2016ರ ಕಾಯಿದೆಯಂತೆ ಸ್ಥಾಪಿಸಿದ ವಿಶ್ವವಿದ್ಯಾಲಯವೂ ಇದೆ. ಹೊರಗಿನಿಂದ ಬಂದವನು ವರ್ಷಗಟ್ಟಲೆ ಕಲಿತರೂ ತಿಳಿಯದ ಎಷ್ಟೋ ಸಂಗತಿ ಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಸಹಜವಾಗಿ ತಿಳಿದಿರುತ್ತದೆ. ಲಾವಣಿ ಎಂದರೇನು, ಉದ್ರಿ ಎಂದರೇನು, ಊರಿನಲ್ಲಿ ಯಾರ ಮುಂದೆ ಯಾರು ಬಾಯಿ ಬಿಡುವುದಿಲ್ಲ ಎಂಬುದನ್ನು ಅದಕ್ಕೆ ಪುಸ್ತಕದಿಂದ ಕಲಿಸಬೇಕಾಗಿಲ್ಲ. ಅಂಥವರು ಈ ವಿದ್ಯೆ ಕಲಿತು ಮರಳಿ ಬಂದರೆ ಊರಿಗೆ ಲಾಭ.

ಸಂಜೆಯ ಚರ್ಚೆಗೆ ಪ್ರಶ್ನೆಗಳು

ಈ ಪಾಠವನ್ನು ಓದಲು ಬಲ್ಲವರೊಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ, ಮುಂದಿನ ಪ್ರಶ್ನೆಗಳನ್ನು ಚರ್ಚಿಸಬೇಕಾಗಿ ಕೋರುತ್ತೇನೆ.

1. ನಮ್ಮೂರಿಗೆ ಅಧಿಕಾರಿಗಳು ಬಂದಾಗ ಎಷ್ಟು ಓಣಿಗಳನ್ನು ನೋಡಿ ಹೋಗುತ್ತಾರೆ? ಯಾವ ಓಣಿಯನ್ನು ಯಾರೂ ನೋಡಿಲ್ಲ?

2. ನಮ್ಮೂರಿನಲ್ಲಿ ಎಲ್ಲರಿಗೂ ಒಂದೇ ತರಹ ಕಾಣುವ, ಆದರೆ ಮನೆಮನೆಗೆ ಕಾರಣ ಬೇರೆಯಾಗಿರುವ ಕಷ್ಟ ಯಾವುದು?

3. ದಾರಿಗಳೆಲ್ಲ ಮುಚ್ಚಿದವೆಂದು ಅನ್ನಿಸಿದವನು ನಮ್ಮೂರಿನಲ್ಲಿ ಯಾರ ಬಾಗಿಲಿಗೆ ಹೋಗಬಲ್ಲ? ಅಂತಹ ಬಾಗಿಲು ಇಲ್ಲದಿದ್ದರೆ ಅದನ್ನು ತೆರೆಯುವವರು ಯಾರು?

ಮೂರನೆಯ ಪ್ರಶ್ನೆಗೆ ಒಂದು ಹೆಸರು ಸಿಕ್ಕಿದರೂ ಈ ಪಾಠ ಓದಿದ್ದು ಸಾರ್ಥಕ. ಆ ಹೆಸರನ್ನು ಇಡೀ ಊರಿಗೆ ತಿಳಿಸಿ. ಮುಂದಿನ ಗ್ರಾಮಸಭೆಗೆ ನೋಟುಪುಸ್ತಕ ತೆಗೆದುಕೊಂಡು ಬನ್ನಿ.